ಸೇವೆಯ ಲೆಕ್ಕ ಇಡುವವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಸರ್ಕಾರದ ದುಡ್ಡಿನಲ್ಲಿ ಓದಿದವರು ಓದು ಮುಗಿದ ಮೇಲೆ ಒಂದಷ್ಟು ವರ್ಷ ಸರ್ಕಾರ ಹೇಳಿದ ಕಡೆ ದುಡಿಯಬೇಕು ಅನ್ನೋ ಕರಾರು ನಮಗೇನೂ ಹೊಸದಲ್ಲ. ನಾವು ಇದಕ್ಕೆ ಬಾಂಡ್ ಅನ್ನುತ್ತೇವೆ. ಇವತ್ತು ನಾನು ಮಾತಾಡುವುದು ಅಮೆರಿಕದ ಬಾಂಡ್‌ಗಳ ಬಗ್ಗೆ. ಅಲ್ಲಿನ ಕೇಂದ್ರ ಸರ್ಕಾರ, ಅಂದರೆ ಫೆಡರಲ್ ಸರ್ಕಾರ, ಹೀಗೆ ಕರಾರು ಹಾಕಿ ಕೊಡುವ ವಿದ್ಯಾರ್ಥಿವೇತನಗಳು ಹಲವಾರು ಇವೆ. ದುಡ್ಡು ಕೊಡುವುದೇನೋ ಸುಲಭ. ಕೊಟ್ಟ ಮೇಲೆ ಆ ಹುಡುಗ ಅಥವಾ ಹುಡುಗಿ ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಎಷ್ಟು ತಿಂಗಳು ಮಾಡಿದ್ದಾರೆ, ಇನ್ನೆಷ್ಟು ಬಾಕಿ ಇದೆ ಅಂತ ವರ್ಷಗಟ್ಟಲೆ ಲೆಕ್ಕ ಇಡಬೇಕಲ್ಲ, ಕಷ್ಟ ಇರುವುದು ಅಲ್ಲಿ. ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಟೀಚ್ ಗ್ರ್ಯಾಂಟ್ ಕಥೆಗಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

ಟೀಚ್ ಗ್ರ್ಯಾಂಟ್ 2007ರ ಒಂದು ಕಾನೂನಿನಿಂದ ಬಂದದ್ದು. ಮೇಷ್ಟ್ರು ಆಗಬೇಕು ಅಂತ ಓದುವವರಿಗೆ ವರ್ಷಕ್ಕೆ 4,000 ಡಾಲರ್‌ವರೆಗೆ ಕೊಡುತ್ತಾರೆ. ಬಜೆಟ್ ಕಡಿತದ ಲೆಕ್ಕದಲ್ಲಿ ಈಗ ಕೈಗೆ ಬರುವುದು 3,772 ಡಾಲರ್. ಕರಾರು ಇಷ್ಟು: ಓದು ಮುಗಿದ 8 ವರ್ಷದೊಳಗೆ 4 ವರ್ಷ ಪಾಠ ಹೇಳಬೇಕು. ಎಲ್ಲೋ ಒಂದು ಕಡೆ ಹೇಳಿದರೆ ಆಗುವುದಿಲ್ಲ, ಬಡ ಮನೆಗಳ ಮಕ್ಕಳು ಜಾಸ್ತಿ ಇರುವ ಶಾಲೆಯಲ್ಲೇ ಹೇಳಬೇಕು. ಅದೂ ಗಣಿತ, ವಿಜ್ಞಾನ, ವಿಶೇಷ ಮಕ್ಕಳ ಶಿಕ್ಷಣ, ಹೀಗೆ ಟೀಚರ್‌ಗಳ ಕೊರತೆ ಇರುವ ವಿಷಯಗಳನ್ನೇ ಹೇಳಬೇಕು. ಮಾತು ಉಳಿಸಿಕೊಳ್ಳದಿದ್ದರೆ ಕೊಟ್ಟ ಅಷ್ಟೂ ದುಡ್ಡು ಸಾಲವಾಗಿ ಬದಲಾಗುತ್ತದೆ. ಬಡ್ಡಿ ಅವತ್ತಿನಿಂದ ಶುರುವಾಗುವುದಿಲ್ಲ, ಒಂದೊಂದು ಕಂತಿಗೂ ಅದು ಕೈಗೆ ಬಂದ ದಿನದಿಂದಲೇ ಲೆಕ್ಕ.

ಕರಾರು ನ್ಯಾಯವಾಗೇ ಇದೆ ಅಲ್ವಾ? ನನಗೂ ಹಾಗೇ ಅನಿಸುತ್ತದೆ. ಒಳ್ಳೆಯ ಟೀಚರ್‌ಗಳು ಹೋಗಲು ಹಿಂಜರಿಯುವ ಶಾಲೆಗಳಿಗೆ ಎಳೆಯ ವಯಸ್ಸಿನ ಉತ್ಸಾಹಿಗಳನ್ನು ಕಳಿಸುವ ಆಲೋಚನೆ ಇದು, ಇದರಲ್ಲಿ ತಪ್ಪು ಹುಡುಕುವುದಕ್ಕೆ ಏನೂ ಇಲ್ಲ. ತಪ್ಪಿದ್ದು ಲೆಕ್ಕ ಇಟ್ಟ ರೀತಿಯಲ್ಲಿ.

ಲೆಕ್ಕ ಇಡುತ್ತಿದ್ದದ್ದು ಹೀಗೆ. ಪ್ರತಿ ವರ್ಷ ಟೀಚರ್ ಒಂದು ಫಾರ್ಮ್ ತುಂಬಬೇಕು. ಯಾವ ಶಾಲೆ, ಯಾವ ವಿಷಯ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಎಲ್ಲ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಬೇಕು. ಆಮೇಲೆ ಅದನ್ನು ಶಿಕ್ಷಣ ಇಲಾಖೆ ಗೊತ್ತು ಮಾಡಿದ ಗುತ್ತಿಗೆ ಸಂಸ್ಥೆಗೆ ಕಳಿಸಬೇಕು. ಈ ಸಂಸ್ಥೆಯ ಮೂಲ ಕೆಲಸ ವಿದ್ಯಾರ್ಥಿ ಸಾಲಗಳ ವಸೂಲಿ ನೋಡಿಕೊಳ್ಳುವುದು, ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಒಬ್ಬ ಟೀಚರ್ ವರ್ಷವಿಡೀ ಮೂವತ್ತು ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದಾರೆ ಅಂದುಕೊಳ್ಳಿ. ಫಾರ್ಮ್ ಕಳಿಸುವ ಹೊತ್ತಿಗೆ ಬೇಸಿಗೆ ರಜೆ. ಶಾಲೆಗೆ ಬೀಗ, ಪ್ರಿನ್ಸಿಪಾಲರು ಊರಲ್ಲಿಲ್ಲ. ಹೇಗೋ ಹುಡುಕಿ ಸಹಿ ಹಾಕಿಸಿ ಕಳಿಸಿದರೆ, ಒಂದು ಕಡೆ ತಾರೀಕು ಬರೆಯುವುದು ಬಿಟ್ಟುಹೋಗಿದೆ ಅಂತ ವಾಪಸ್ ಬರುತ್ತದೆ. ಸರಿ ಮಾಡಿ ಮತ್ತೆ ಕಳಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅಷ್ಟೇ, ಗ್ರ್ಯಾಂಟ್ ಸಾಲವಾಯಿತು. ಒಮ್ಮೆ ಸಾಲವಾದರೆ ಹಿಂದಕ್ಕೆ ತಿರುಗಿಸುವ ದಾರಿಯೇ ಇಲ್ಲ ಅಂತ ಆಗ ಇಲಾಖೆ ಹೇಳುತ್ತಿತ್ತು. ಆ ಟೀಚರ್ ಮಾರನೇ ವರ್ಷವೂ ಅದೇ ಶಾಲೆಯಲ್ಲಿ ಅದೇ ಗಣಿತ ಹೇಳುತ್ತಿರುತ್ತಾರೆ, ಅದರ ಜೊತೆಗೆ ತಿಂಗಳು ತಿಂಗಳು ಕಂತು ಕಟ್ಟುತ್ತಿರುತ್ತಾರೆ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಇದಕ್ಕೇ ಹುಟ್ಟಿತೇನೋ ಅನಿಸುತ್ತದೆ.

ಇದು ಒಬ್ಬಿಬ್ಬರ ಗೋಳಾಗಿದ್ದರೆ ನಾನು ಇಷ್ಟು ಹೊತ್ತು ಹೇಳುತ್ತಿರಲಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2015ರಲ್ಲಿ ಒಂದು ವರದಿ ಕೊಟ್ಟಿತು. 2,252 ಗ್ರ್ಯಾಂಟ್‌ಗಳನ್ನು ತಪ್ಪಾಗಿ ಸಾಲ ಮಾಡಲಾಗಿದೆ ಅಂತ ಅದರಲ್ಲಿತ್ತು. ಆಮೇಲೆ 2018ರಲ್ಲಿ ಶಿಕ್ಷಣ ಇಲಾಖೆಯದೇ ಅಧ್ಯಯನ ಹೊರಬಂತು. 2014ರ ಜುಲೈಗೆ ಮೊದಲು ಸೇವೆಯ ಅವಧಿ ಶುರುವಾದವರಲ್ಲಿ ಶೇಕಡಾ 63 ಮಂದಿಯ ಗ್ರ್ಯಾಂಟ್ ಸಾಲವಾಗಿತ್ತು. ಹಾಗೆ ಸಾಲಕ್ಕೆ ಬಿದ್ದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನ ಪಾಠ ಹೇಳುವ ಕರಾರನ್ನು ಪೂರೈಸಿದ್ದವರು, ಇಲ್ಲವೇ ಪೂರೈಸುವ ದಾರಿಯಲ್ಲೇ ಇದ್ದವರು. ನೂರರಲ್ಲಿ ಅರವತ್ತಮೂರು! ಒಂದು ಪರೀಕ್ಷೆಯಲ್ಲಿ ಇಷ್ಟು ಜನ ಫೇಲಾದರೆ ನಾವು ಪ್ರಶ್ನೆಪತ್ರಿಕೆಯಲ್ಲೇ ಏನೋ ಎಡವಟ್ಟಾಗಿದೆ ಅನ್ನುತ್ತೇವೆ.

ಈ ಸಂಗತಿಯನ್ನು ದೇಶದ ಕಿವಿಗೆ ಮುಟ್ಟಿಸಿದ್ದು ರೇಡಿಯೊ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ. ಅಲ್ಲಿನ ಸಾರ್ವಜನಿಕ ಬಾನುಲಿ ಎನ್‌ಪಿಆರ್ 2018ರಲ್ಲಿ ತಿಂಗಳುಗಟ್ಟಲೆ ಬಿಡದೆ ಈ ಟೀಚರ್‌ಗಳ ಮಾತನ್ನು ಅವರ ದನಿಯಲ್ಲೇ ಪ್ರಸಾರ ಮಾಡಿತು. ಸೆನೆಟರ್‌ಗಳು ಇಲಾಖೆಗೆ ಪತ್ರ ಬರೆದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಇಲಾಖೆ ದಾರಿಗೆ ಬಂತು. ಕೆಲಸ ಮಾಡಿದ್ದೇವೆ ಅಂತ ತೋರಿಸಿದವರ ಸಾಲವನ್ನು ಮತ್ತೆ ಗ್ರ್ಯಾಂಟ್ ಮಾಡುತ್ತೇವೆ ಅಂತ ಹೇಳಿತು, 2019ರಲ್ಲಿ ಅರ್ಜಿಗಳನ್ನು ತೆಗೆದುಕೊಳ್ಳಲು ಶುರು ಮಾಡಿತು. ಸಾವಿರಾರು ಜನರಿಗೆ ಪರಿಹಾರ ಸಿಕ್ಕಿತು.

ಅದಕ್ಕಿಂತ ದೊಡ್ಡ ಬದಲಾವಣೆ ಬಂದಿದ್ದು 2021ರ ಜುಲೈ 1ರಿಂದ. ಒಂದು ವರ್ಷದ ಫಾರ್ಮ್ ಬರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಈಗ ಗ್ರ್ಯಾಂಟನ್ನು ಸಾಲ ಮಾಡುವ ಹಾಗಿಲ್ಲ. 8 ವರ್ಷದೊಳಗೆ 4 ವರ್ಷ ಮುಗಿಸಲು ಇನ್ನು ಸಮಯವೇ ಉಳಿದಿಲ್ಲ ಅಂತಾದಾಗ ಮಾತ್ರ ಅದು ಸಾಲ, ಅಥವಾ ಟೀಚರೇ ಸಾಲ ಮಾಡಿಬಿಡಿ ಅಂತ ಕೇಳಿದಾಗ. ಎಷ್ಟು ವರ್ಷ ಮುಗಿದಿದೆ, ಎಷ್ಟು ಬಾಕಿ ಇದೆ ಅಂತ ಇಲಾಖೆಯೇ ವರ್ಷ ವರ್ಷ ತಿಳಿಸಬೇಕು. ನೋಡಿ, ಕರಾರು ಒಂದು ಚೂರೂ ಬದಲಾಗಿಲ್ಲ, ಅದೇ 4 ವರ್ಷ, ಅದೇ ಬಡ ಶಾಲೆ. ಮೊದಲು ಕಾಗದ ಬಂತೋ ಇಲ್ಲವೋ ಅಂತ ನೋಡುತ್ತಿದ್ದರು, ಈಗ ಕೆಲಸ ಆಯಿತೋ ಇಲ್ಲವೋ ಅಂತ ನೋಡುತ್ತಾರೆ. ಇಷ್ಟು ಸಣ್ಣ ತಿದ್ದುಪಡಿಗೆ ಹದಿಮೂರು ಹದಿನಾಲ್ಕು ವರ್ಷ ಬೇಕಾಯಿತು. ನನಗೆ ಸಂಕಟ ಆಗುವುದು ಇಲ್ಲೇ. ಆ ಮಧ್ಯೆ ಬೇಸತ್ತು ಪಾಠ ಹೇಳುವ ಕೆಲಸವನ್ನೇ ಬಿಟ್ಟವರು, ಕಂತು ಕಟ್ಟುತ್ತಾ ಮನೆ ಕೊಳ್ಳುವುದನ್ನು ಮುಂದೂಡಿದವರು, ಅವರ ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ಇನ್ನೊಂದು ಯೋಜನೆ ನೋಡೋಣ. ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್. ಇದು 1970ರ ದಶಕದ ಆರಂಭದಿಂದ ಇದೆ. ಡಾಕ್ಟರ್, ಡೆಂಟಿಸ್ಟ್, ನರ್ಸ್ ಪ್ರಾಕ್ಟಿಷನರ್ ಮುಂತಾದವರ ಓದಿನ ಖರ್ಚನ್ನು ಸರ್ಕಾರ ಹೊರುತ್ತದೆ. ಓದು ಮುಗಿದ ಮೇಲೆ ಅವರು ಡಾಕ್ಟರ್‌ಗಳೇ ಸಿಗದ ಪ್ರದೇಶದಲ್ಲಿ ಕಡಿಮೆ ಅಂದರೂ 2 ವರ್ಷ ಕೆಲಸ ಮಾಡಬೇಕು. ಅದು ಹಳ್ಳಿಯೂ ಆಗಿರಬಹುದು, ದೊಡ್ಡ ನಗರದ ಬಡ ಬಡಾವಣೆಯೂ ಆಗಿರಬಹುದು. ಇಲ್ಲಿ ಲೆಕ್ಕ ಇಡುವ ರೀತಿ ನನಗೆ ಮೆಚ್ಚುಗೆಯಾಯಿತು. ಆರು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ದೃಢೀಕರಣ ಆಗಬೇಕು, ಅದಕ್ಕೆ ಆಸ್ಪತ್ರೆ ಅಥವಾ ಕ್ಲಿನಿಕ್ ಕಡೆಯಿಂದಲೂ ಒಬ್ಬ ಗೊತ್ತುಪಡಿಸಿದ ವ್ಯಕ್ತಿ ಹೂಂಗುಟ್ಟಬೇಕು. ಡಾಕ್ಟರ್ ಒಬ್ಬರೇ ಕಾಗದ ಹಿಡಿದು ಅಲೆಯಬೇಕಾಗಿಲ್ಲ. ಪೂರ್ಣಾವಧಿ ಅಂದರೆ ಏನು ಅನ್ನುವುದಕ್ಕೂ ಸ್ಪಷ್ಟ ಅಳತೆ ಇದೆ, ವಾರಕ್ಕೆ 40 ಗಂಟೆ, ವರ್ಷಕ್ಕೆ 45 ವಾರ.

ಆದರೆ ಮಾತು ತಪ್ಪಿದರೆ ದಂಡ ಮಾತ್ರ ಭಾರೀ. ಲೆಕ್ಕ ಕೇಳಿ. ಒಬ್ಬರಿಗೆ 1,00,000 ಡಾಲರ್ ಕೊಟ್ಟಿದ್ದಾರೆ, 24 ತಿಂಗಳ ಕರಾರು. 18 ತಿಂಗಳು ಮಾಡಿ ಬಿಟ್ಟುಬಿಟ್ಟರು. ಬಾಕಿ ಉಳಿದದ್ದು ಕಾಲು ಭಾಗ, ಅಂದರೆ 25,000. ಆದರೆ ಕಟ್ಟಬೇಕಾದದ್ದು ಅದರ ಮೂರು ಪಟ್ಟು, 75,000 ಡಾಲರ್, ಅದರ ಮೇಲೆ ಬಡ್ಡಿ. ಅದೂ ಒಂದು ವರ್ಷದೊಳಗೆ. ಇಷ್ಟು ಬಿಗಿ ಬೇಕಾ ಅಂತ ನೀವು ಕೇಳಬಹುದು. ನನ್ನ ಮಟ್ಟಿಗೆ, ಡಾಕ್ಟರ್ ಒಬ್ಬರು ನಡುವೆ ಕೈಕೊಟ್ಟರೆ ಆ ಊರಿನ ಜನ ಮತ್ತೆ ನೂರು ಮೈಲಿ ದೂರ ಹೋಗಬೇಕಾಗುತ್ತದೆ, ಹಾಗಾಗಿ ಬಿಗಿ ಇರಲಿ. ಆದರೆ ಬಿಗಿ ಇಡುವ ಹಕ್ಕು ಬರುವುದು ಲೆಕ್ಕವನ್ನು ಸರಿಯಾಗಿ ಇಟ್ಟವರಿಗೆ ಮಾತ್ರ.

ಬೋರೆನ್ ವಿದ್ಯಾರ್ಥಿವೇತನ ಅಂತ ಇನ್ನೊಂದಿದೆ, 1991ರ ಕಾನೂನಿನದು. ಬೇರೆ ದೇಶಕ್ಕೆ ಹೋಗಿ ಅಲ್ಲಿನ ಭಾಷೆ ಕಲಿಯುವವರಿಗೆ ಕೊಡುವಂಥದ್ದು. ಅವರು ವಾಪಸ್ ಬಂದು ರಕ್ಷಣೆ, ವಿದೇಶಾಂಗ ಇಂಥ ಇಲಾಖೆಗಳಲ್ಲಿ ಕಡಿಮೆ ಅಂದರೂ ಒಂದು ವರ್ಷ ದುಡಿಯಬೇಕು, ಮುಗಿಯುವವರೆಗೆ ಪ್ರತಿ ವರ್ಷ ವರದಿ ಸಲ್ಲಿಸಬೇಕು. ಇಲ್ಲಿ ಕೆಲಸವನ್ನು ಅವರವರೇ ಹುಡುಕಿಕೊಳ್ಳಬೇಕು. ಸರ್ಕಾರ ಹುದ್ದೆ ಹಿಡಿದುಕೊಂಡು ಕಾಯುತ್ತಿರುವುದಿಲ್ಲ.

ಹುಡುಕಿಕೊಳ್ಳಬೇಕು ಅನ್ನುವ ಈ ಮಾತು ಇತ್ತೀಚೆಗೆ ಎಲ್ಲರಿಗಿಂತ ಜಾಸ್ತಿ ಸುಟ್ಟಿದ್ದು ಸೈಬರ್‌ಕೋರ್ ಹುಡುಗರನ್ನು. ಕಂಪ್ಯೂಟರ್ ಭದ್ರತೆ ಓದುವವರಿಗೆ ಕೊಡುವ ವಿದ್ಯಾರ್ಥಿವೇತನ ಇದು. ಫೀಸು ಪೂರ್ತಿ, ಮೇಲೆ ವರ್ಷಕ್ಕೆ ಪದವಿ ವಿದ್ಯಾರ್ಥಿಗಳಿಗೆ 27,000 ಡಾಲರ್, ಸ್ನಾತಕೋತ್ತರದವರಿಗೆ 37,000. ಎಷ್ಟು ಕಾಲ ತೆಗೆದುಕೊಂಡರೋ ಅಷ್ಟು ಕಾಲ ಸರ್ಕಾರದಲ್ಲಿ ಕೆಲಸ ಮಾಡಬೇಕು. ಓದು ಮುಗಿದ 18 ತಿಂಗಳೊಳಗೆ ಕೆಲಸ ಹಿಡಿಯಬೇಕು, ಇಲ್ಲದಿದ್ದರೆ ಇದೂ ಸಾಲ. 2025ರ ಜನವರಿ 20ರಂದು ಹೊಸ ಅಧ್ಯಕ್ಷರು ಬಂದ ದಿನವೇ ಫೆಡರಲ್ ನೇಮಕಾತಿಗೆ ತಡೆ ಬಿತ್ತು. ಕೈಗೆ ಬಂದಿದ್ದ ನೇಮಕಾತಿ ಪತ್ರಗಳು ರದ್ದಾದವು. ಕೆಲಸ ಕೊಡಿ ಅಂತ ಈ ಹುಡುಗರು ಬಾಗಿಲು ತಟ್ಟುತ್ತಿದ್ದರು, ಬಾಗಿಲು ಹಾಕಿದವರೂ ಸರ್ಕಾರದವರೇ, 18 ತಿಂಗಳ ಗಡಿಯಾರ ಓಡಿಸುತ್ತಿದ್ದವರೂ ಸರ್ಕಾರದವರೇ. ಹುಡುಗ ಎಷ್ಟು ಅರ್ಜಿ ಹಾಕಿದ ಅಂತ ಬರೆದುಕೊಳ್ಳುವ ಸರ್ಕಾರ, ಅವನಿಗೆ ಎಷ್ಟು ಹುದ್ದೆ ತೆರೆದಿಟ್ಟೆ ಅಂತಲೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕರಾರಿಗೆ ಎರಡು ಕಡೆ ಸಹಿ ಇರುತ್ತದಲ್ಲವೇ?

ಕರ್ನಾಟಕವೂ ಈ ಹಾದಿಯಲ್ಲಿ ಒಮ್ಮೆ ನಡೆದಿದೆ. ವೈದ್ಯಕೀಯ ಓದಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕು ಅಂತ ನಮ್ಮಲ್ಲಿ 2012ರ ಕಾಯ್ದೆ ಇದೆ, ಅದು ವಿದ್ಯಾರ್ಥಿವೇತನಕ್ಕೆ ಕಟ್ಟಿದ್ದಲ್ಲ ನಿಜ. ಆದರೆ ವರ್ಷಕ್ಕೆ ಓದಿ ಹೊರಬರುವ ಡಾಕ್ಟರ್‌ಗಳು ಜಾಸ್ತಿ, ಖಾಲಿ ಹುದ್ದೆಗಳು ಕಡಿಮೆ. ಕೊನೆಗೆ 2023ರಲ್ಲಿ, ಹುದ್ದೆ ಎಷ್ಟು ಖಾಲಿ ಇದೆಯೋ ಅದನ್ನು ನೋಡಿಕೊಂಡು ಸೇವೆಗೆ ಕರೆಯುವ ಹಾಗೆ ತಿದ್ದುಪಡಿ ತಂದರು. ಹುದ್ದೆ ಇಲ್ಲದ ಕಡೆ ಕಡ್ಡಾಯ ಸೇವೆ ಅಂದರೆ ಆ ಹುಡುಗರು ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ ಅಷ್ಟೇ. ಅದನ್ನು ಒಪ್ಪಿಕೊಂಡು ಕಾನೂನಿಗೆ ಸೇರಿಸಿದ್ದು ಒಳ್ಳೆಯದಾಯಿತು.

ಈ ಮಾತನ್ನು ಅಮೆರಿಕದಲ್ಲಿ ಕೂತು ಕೇಳುತ್ತಿರುವ ಕನ್ನಡದ ಮನೆಗಳೂ ಇರುತ್ತವೆ. ಅಲ್ಲೇ ಹುಟ್ಟಿ ಬೆಳೆದ, ಅಲ್ಲಿನ ಪೌರತ್ವ ಇರುವ ನಿಮ್ಮ ಮಕ್ಕಳು ಇಂಥ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರಿದ್ದರೆ ಖಂಡಿತ ಹಾಕಲಿ, ಹೆದರಬೇಕಾಗಿಲ್ಲ. ಕರಾರು ಪತ್ರಕ್ಕೆ ಸಹಿ ಹಾಕುವ ದಿನ ಅವರ ಜೊತೆ ಕೂತು ಪೂರ್ತಿ ಓದಿ. ಗಡುವು ಯಾವ ದಿನದಿಂದ ಶುರು, ಕೆಲಸ ಹುಡುಕಿಕೊಡುವವರು ಯಾರು, ಅರ್ಧಕ್ಕೆ ನಿಂತರೆ ಎಷ್ಟು ಕಟ್ಟಬೇಕು, ಕಾಯಿಲೆ ಬಿದ್ದರೆ ಅಥವಾ ಹೆರಿಗೆ ಬಂದರೆ ಗಡುವು ನಿಲ್ಲುತ್ತದೆಯೇ, ಇಷ್ಟನ್ನು ಕೇಳಿ ತಿಳಿದುಕೊಳ್ಳಿ. ಕಳಿಸಿದ ಪ್ರತಿ ಫಾರ್ಮಿನ ನಕಲು, ಅದು ತಲುಪಿತು ಅಂತ ಬಂದ ಉತ್ತರ, ಎರಡನ್ನೂ ತಾರೀಕು ಹಾಕಿ ಇಟ್ಟುಕೊಳ್ಳಲಿ. ಟೀಚ್ ಗ್ರ್ಯಾಂಟ್ ಗಲಾಟೆಯಲ್ಲಿ ಪರಿಹಾರ ಕೇಳಿದವರು ನಾವು ಪಾಠ ಹೇಳಿದ್ದೇವೆ ಅಂತ ತೋರಿಸಬೇಕಾಗಿತ್ತು, ಹಳೆಯ ಕಾಗದ ಕೈಯಲ್ಲಿದ್ದವರಿಗೆ ಅದು ಸುಲಭ. ಮತ್ತೆ, ಈಗಾಗಲೇ ಪಾಠ ಹೇಳಿಯೂ ಗ್ರ್ಯಾಂಟ್ ಸಾಲವಾಗಿ ಕಂತು ಕಟ್ಟುತ್ತಿರುವ ಟೀಚರ್ ಯಾರಾದರೂ ನಿಮಗೆ ಗೊತ್ತಿದ್ದರೆ, ಶಿಕ್ಷಣ ಇಲಾಖೆಗೆ ಮರುಪರಿಶೀಲನೆಯ ಅರ್ಜಿ ಹಾಕಬಹುದು ಅಂತ ದಯವಿಟ್ಟು ಅವರಿಗೆ ಹೇಳಿ.

ನಮಸ್ಕಾರ.