ಮನೆಗೆ ಅತಿಥಿಗಳು ಬಂದಾಗ ನಾಯಿಯ ನಡತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷಗಳ ಹಿಂದೆ ಗೌರಿ ಹಬ್ಬಕ್ಕೆಂದು ನಮ್ಮ ಸೋದರತ್ತೆ ತವರಿಗೆ ಬಂದರು. ಎಪ್ಪತ್ತು ದಾಟಿದವರು. ಅವರು ಹೊಸಿಲು ದಾಟುವಷ್ಟರಲ್ಲಿ ನಮ್ಮ ನಾಯಿ ಕೆಂಚ ಒಳಗಿನಿಂದ ಓಡಿಬಂದು, ಮುಂಗಾಲೆರಡನ್ನೂ ಎತ್ತಿ ಅವರ ಮೈಮೇಲೆ ಎಗರಿದ. ಸೆರಗಿನ ಜರಿಗೆ ಅವನ ಉಗುರು ಸಿಕ್ಕಿಕೊಂಡಿತು, ಅವರ ಕಾಲು ಜಾರಿತು, ನೆಲಕ್ಕೆ ಊರಿದ ಕೈಯ ಮೂಳೆ ಬಿರುಕು ಬಿಟ್ಟಿತು. ಆ ದಿನ ಎಲ್ಲರಿಂದಲೂ ಬೈಸಿಕೊಂಡವನು ಕೆಂಚ. ಆದರೆ ಅವನು ಮರಿಯಾಗಿದ್ದಾಗಿನಿಂದ, ಎಗರಿದಾಗಲೆಲ್ಲ "ಬಾರೋ ಬಂಗಾರ" ಎಂದು ಎತ್ತಿ ಮುದ್ದಾಡಿದವರು ನಾವೇ.

ನಾಯಿಮರಿಗಳು ತಾಯಿಯನ್ನು ಎದುರುಗೊಳ್ಳುವುದು ಅದರ ಬಾಯಿಯ ಅಂಚನ್ನು ನೆಕ್ಕುವ ಮೂಲಕ. ಮನುಷ್ಯರ ಮುಖ ಎತ್ತರದಲ್ಲಿರುವುದರಿಂದ ನಮ್ಮನ್ನು ಹಾಗೆಯೇ ಸ್ವಾಗತಿಸಲು ಅವು ಹಾರುತ್ತವೆ. ಹಾರಿದ ಕೂಡಲೇ ನಾವು ನೋಡುತ್ತೇವೆ, ಮುಟ್ಟುತ್ತೇವೆ, ಗದರುತ್ತೇವೆ. ನಾಯಿಗೆ ಬೇಕಾದದ್ದು ನಮ್ಮ ಗಮನ. ಗದರಿಕೆಯಲ್ಲಿಯೂ ಅದು ಸಿಕ್ಕಂತೆಯೇ. ಎಗರುವ ನಾಯಿಯ ಎದೆಗೆ ಮೊಣಕಾಲು ಕೊಟ್ಟು ತಳ್ಳಬೇಕೆಂದು ಕೆಲವರು ಹೇಳುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಅದರಿಂದ ನಾಯಿಗೆ ಪೆಟ್ಟಾಗುತ್ತದೆ, ಅತಿಥಿ ಎಂದರೆ ನೋವು ಎಂಬುದನ್ನು ಅದು ಕಲಿಯುತ್ತದೆ.

ಬೇಡವೆಂದು ಹೇಳುವುದಕ್ಕಿಂತ, ಬಾಗಿಲ ಗಂಟೆ ಬಾರಿಸಿದಾಗ ಏನು ಮಾಡಬೇಕೆಂಬುದನ್ನು ನಾಯಿಗೆ ಕಲಿಸುವುದು ಸುಲಭ. ನಾವು ನಡುಮನೆಯಲ್ಲಿ, ಬಾಗಿಲಿನಿಂದ ಏಳೆಂಟು ಅಡಿ ದೂರದಲ್ಲಿ, ಒಂದು ಗೋಣಿತಾಟು ಹಾಸಿದೆವು. ಮೊದಲ ಕೆಲವು ದಿನ ಗಂಟೆಯ ಗೊಡವೆಗೇ ಹೋಗಲಿಲ್ಲ; ಕೆಂಚ ತಾನಾಗಿ ತಾಟಿನ ಮೇಲೆ ಕಾಲಿಟ್ಟಾಗಲೆಲ್ಲ ಬೇಯಿಸಿದ ಮೊಟ್ಟೆಯ ಕಡಲೆಗಾತ್ರದ ಚೂರೊಂದನ್ನು ಅಲ್ಲಿಯೇ ಹಾಕುತ್ತಿದ್ದೆವು. ಚೂರು ಬೀಳುವುದು ಒಂದೆರಡು ಸೆಕೆಂಡು ತಡವಾದರೂ, ತನಗೆ ಅದು ಯಾವುದಕ್ಕಾಗಿ ಸಿಕ್ಕಿತೆಂಬುದು ನಾಯಿಗೆ ತಿಳಿಯುವುದಿಲ್ಲ. ಅವನು ತಾಟಿನ ಮೇಲೆ ಮಲಗುವುದನ್ನು ಕಲಿತ ಮೇಲೆ, ಗಂಟೆಯ ಸದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ತೀರ ಮೆಲ್ಲಗೆ ಕೇಳಿಸಿ, ಸದ್ದಾದ ಕೂಡಲೇ ತಾಟಿನ ಮೇಲೆ ಚೂರು ಹಾಕತೊಡಗಿದೆವು. ದಿನಕ್ಕೆ ಎರಡು ಸಲ, ಸಲಕ್ಕೆ ಐದು ನಿಮಿಷ, ಅಷ್ಟೇ. ಸದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಆಮೇಲೆ ನಿಜವಾದ ಗಂಟೆಗೆ ಬಂದು, ಕೊನೆಗೆ ಪಕ್ಕದ ಮನೆಯ ಹುಡುಗನನ್ನು ಅತಿಥಿಯಾಗಿ ಕರೆದೆವು. ಕೆಂಚ ಎದ್ದರೆ ಹುಡುಗ ಮಾತಿಲ್ಲದೆ ತಿರುಗಿ ನಿಲ್ಲುತ್ತಿದ್ದ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಹತ್ತಿರ ಬಂದು ಕತ್ತಿನ ಪಕ್ಕ ಸವರುತ್ತಿದ್ದ. ಅಷ್ಟು ದಿನವೂ ಕೊರಳಪಟ್ಟಿಗೆ ಹಗುರವಾದ ಹಗ್ಗ ಕಟ್ಟಿ, ತುದಿಯನ್ನು ನಾನು ಹಿಡಿದಿರುತ್ತಿದ್ದೆ.

ಇಲ್ಲಿ ಹೆಚ್ಚಿನವರು ಸೋಲುವುದು ಎರಡು ಕಡೆ. ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ನಾಯಿ ಹಿಂದಿಗಿಂತ ಜೋರಾಗಿ ಎಗರುತ್ತದೆ, ಬೊಗಳುತ್ತದೆ. ಇದು ನಿರೀಕ್ಷಿತವೇ, ಆದರೆ ಮನೆಯವರು ಆಗಲೇ ಕೈಬಿಡುತ್ತಾರೆ. ಇನ್ನೊಂದು, "ಪರವಾಗಿಲ್ಲ ಬಿಡಿ, ನನಗೆ ನಾಯಿ ಎಂದರೆ ಇಷ್ಟ" ಎನ್ನುತ್ತ ಎಗರಿದ ನಾಯಿಯನ್ನು ತಬ್ಬಿಕೊಳ್ಳುವ ಅತಿಥಿ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿ ಮತ್ತು ಪಾರಿವಾಳಗಳೊಂದಿಗೆ ನಡೆಸಿದ ಪ್ರಯೋಗಗಳು ತೋರಿಸಿದಂತೆ, ಪ್ರತಿ ಸಲವೂ ಫಲ ಕೊಡುವ ಅಭ್ಯಾಸಕ್ಕಿಂತ ಆಗೊಮ್ಮೆ ಈಗೊಮ್ಮೆ ಫಲ ಕೊಡುವ ಅಭ್ಯಾಸವನ್ನು ಬಿಡಿಸುವುದು ಕಷ್ಟ. ಹತ್ತು ಜನರಲ್ಲಿ ಒಬ್ಬರು ತಬ್ಬಿಕೊಂಡರೂ ನಾಯಿಯ ಆಸೆ ಉಳಿದೇ ಇರುತ್ತದೆ. ಆದ್ದರಿಂದ ಬರುವವರಿಗೆ ಫೋನಿನಲ್ಲಿಯೇ, ಒಳಗೆ ಬಂದು ಕುಳಿತುಕೊಳ್ಳುವವರೆಗೂ ನಾಯಿಯನ್ನು ನೋಡಬೇಡಿ, ಮಾತನಾಡಿಸಬೇಡಿ ಎಂದು ತಿಳಿಸಿಬಿಡಿ. ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ.

ಎಲ್ಲ ನಾಯಿಗಳೂ ಸಂತೋಷದಿಂದಲೇ ಸದ್ದು ಮಾಡುತ್ತವೆಂದಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯನ್ನೇ ನೋಡಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಕಾಣಿಸಿಕೊಂಡ ಈ ನಾಯಿ, ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಸಿಕೊಂಡು ಹೋಗಲು ಹೇಳಿಮಾಡಿಸಿದ್ದು. ಹೊಸಬರು ಮೈಮುಟ್ಟುವುದು ಸಾಮಾನ್ಯವಾಗಿ ಅದಕ್ಕೆ ಹಿಡಿಸುವುದಿಲ್ಲ. ಅಂಥ ನಾಯಿ ಬಂದವರ ಕೈ ಮೂಸಲೇಬೇಕೆಂದು ನಾವು ಹಟ ಹಿಡಿಯಬಾರದು. ಅದು ದೂರದಲ್ಲಿ ಸುಮ್ಮನೆ ಮಲಗಿದ್ದರೆ ನಡತೆ ಚೆನ್ನಾಗಿದೆಯೆಂದೇ ತಿಳಿಯಬೇಕು. ಬಾಲ ಒಳಕ್ಕೆ ಮಡಚುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ಪದೇ ಪದೇ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಇವೆಲ್ಲ ಅಂಜಿಕೆಯ ಗುರುತುಗಳು. ಗುರುಗುಟ್ಟಿತೆಂದು ಹೊಡೆಯುವುದಂತೂ ಅಪಾಯ. ಗುರುಗುಟ್ಟುವುದು ನಾಯಿ ಕೊಡುವ ಮುನ್ಸೂಚನೆ. ಅದನ್ನು ಹೊಡೆದು ಅಡಗಿಸಿದರೆ ಮುಂದೊಂದು ದಿನ ಅದು ಸೂಚನೆಯಿಲ್ಲದೆ ಕಚ್ಚೀತು. ಹೀಗೆ ಅಂಜುವ ಅಥವಾ ಹಿಂದೆ ಯಾರನ್ನಾದರೂ ಕಚ್ಚಿರುವ ನಾಯಿಯಿದ್ದರೆ ಪಶುವೈದ್ಯರ ಸಲಹೆ ಪಡೆದೇ ಮುಂದುವರಿಯಿರಿ.

ಮರಿ ಸಾಕುತ್ತಿರುವವರಿಗೆ ಈ ಕೆಲಸ ಹಗುರ. ಸುಮಾರು ಮೂರರಿಂದ ಹದಿನಾಲ್ಕು ವಾರಗಳ ವಯಸ್ಸಿನಲ್ಲಿ ಮರಿ ಹೊಸಬರನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆಗಲೇ ಕೋಲೂರಿ ನಡೆಯುವವರು, ಮಕ್ಕಳು, ಟೋಪಿ ಹಾಕಿದವರು, ಮಳೆಗಾಲದಲ್ಲಿ ಕೊಡೆ ಹಿಡಿದು ಬರುವವರು ಎಲ್ಲರೂ ಅದರ ಕಣ್ಣಿಗೆ ಬೀಳುತ್ತಿರಲಿ.

ಇನ್ನು ನಾಯಿಗೆ ಹೆದರುವ ಅತಿಥಿಗಳು. "ಏನೂ ಮಾಡಲ್ಲ, ಹೆದರಬೇಡಿ" ಎಂಬ ನಮ್ಮ ಮಾತಿನಿಂದ ಅವರ ಎದೆಬಡಿತ ಇಳಿಯುವುದಿಲ್ಲ. ಅವರು ಬರುವ ಮೊದಲೇ ನಾಯಿಯನ್ನು ಸುತ್ತಾಡಿಸಿಕೊಂಡು ಬಂದು, ನೀರಿಟ್ಟು, ಒಳಕೋಣೆಯಲ್ಲಿ ಬಿಡಿ. ಎಲೆಯಲ್ಲಿ ಉಳಿದ ಕೇಸರಿಬಾತನ್ನು ಪ್ರೀತಿಯಿಂದಲೇ ನಾಯಿಗೆ ಹಾಕಹೊರಟವರನ್ನು ತಡೆಯಿರಿ. ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು.

ಸೋದರತ್ತೆ ಕಳೆದ ಗೌರಿ ಹಬ್ಬಕ್ಕೂ ಬಂದಿದ್ದರು. ಅವರು ಬೇಡವೆಂದದ್ದರಿಂದ ಕೆಂಚನನ್ನು ಒಳಕೋಣೆಯಲ್ಲಿಯೇ ಬಿಟ್ಟಿದ್ದೆವು. ನಡುಮನೆಯಲ್ಲಿ ಅವರು ಕಾಫಿ ಕುಡಿಯುತ್ತಿದ್ದಷ್ಟು ಹೊತ್ತೂ, ಮುಚ್ಚಿದ ಬಾಗಿಲಿನ ಆಚೆ ಅವನು ಆಟದ ಚೆಂಡನ್ನು ಉರುಳಿಸುವ ಸದ್ದು ಕೇಳಿಸುತ್ತಿತ್ತು.

ನಮಸ್ಕಾರ.