ಗಿಡದ ಜೊತೆ ಒಂದು ಚೀಟಿ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಸಜ್ಜೆ ರೊಟ್ಟಿ, ಎಣಗಾಯಿ ಜೊತೆ ಹಸಿ ಹಕ್ಕರಕಿ ತಿಂದಿರುತ್ತೀರಿ. ಕೆಲವು ಊರುಗಳಲ್ಲಿ ಹತ್ತರಕಿ ಅಂತಾರೆ. ಸ್ವಲ್ಪ ಕಹಿ ಇರುತ್ತದೆ. ಎಲೆ ಮುರಿದರೆ ಹಾಲು ಒಸರುತ್ತದೆ. ಹಳದಿ ಹೂ ಬಿಡುತ್ತದೆ, ಬಲಿತ ಮೇಲೆ ಬೀಜಕ್ಕೆ ಬಿಳಿ ಕೂದಲು ಬಂದು ಗಾಳಿಗೆ ಹಾರಿಹೋಗುತ್ತದೆ. ಇವತ್ತು ನಾನು ಹೇಳಲು ಬಂದಿರುವ ಡ್ಯಾಂಡೆಲಿಯನ್ ಈ ಹಕ್ಕರಕಿಯ ಹತ್ತಿರದ ಬಂಧು. ನಮ್ಮ ಕುಸುಬಿ, ಸೂರ್ಯಕಾಂತಿ, ಶೇವಂತಿ ಎಲ್ಲವೂ ಅದೇ ದೊಡ್ಡ ಮನೆತನದವು.

ಹಾಗಂತ ಹಕ್ಕರಕಿಯನ್ನೇ ಡ್ಯಾಂಡೆಲಿಯನ್ ಅನ್ನಬೇಡಿ. ಮೊಬೈಲಿನಲ್ಲಿ ಹಾಗೆ ಬರೆದು ಹಂಚುವವರು ಜಾಸ್ತಿ ಆಗಿದ್ದಾರೆ. ಗುರುತು ಬಹಳ ಸುಲಭ. ಡ್ಯಾಂಡೆಲಿಯನ್‌ಗೆ ಎಲೆಯೆಲ್ಲ ನೆಲಮಟ್ಟದಲ್ಲೇ. ಅದರ ನಡುವಿನಿಂದ ಒಂದು ಟೊಳ್ಳು ದಂಟು ಏಳುತ್ತದೆ, ಅದರ ತುದಿಗೆ ಒಂದೇ ಹೂ. ಹಕ್ಕರಕಿ ದಂಟು ಕವಲೊಡೆಯುತ್ತದೆ, ಹಲವು ಹೂ ಬಿಡುತ್ತದೆ. ಡ್ಯಾಂಡೆಲಿಯನ್ ತಂಪು ನಾಡಿನ ಗಿಡ. ನಮ್ಮ ದೇಶದಲ್ಲಿ ನೋಡಬೇಕಾದರೆ ಹಿಮಾಲಯದಂಥ ತಂಪು ಗುಡ್ಡಗಳ ಕಡೆ ಹೋಗಬೇಕು. ಬಾಗಲಕೋಟೆ, ವಿಜಯಪುರದ ಎರೆ ಹೊಲದಲ್ಲಿ ಹುಡುಕಬೇಡಿ.

ಈಗ ಕಥೆಗೆ ಬರುತ್ತೇನೆ. ಇದು ನನಗೆ ಬಹಳ ಇಷ್ಟದ ಕಥೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಮುದ್ರದಲ್ಲಿ ಸೇಂಟ್ ಕಿಲ್ಡಾ ಅಂತ ಒಂದು ದ್ವೀಪಗಳ ಗುಂಪಿದೆ. ಸದಾ ಗಾಳಿ, ಮಳೆ. ಮರವೇ ಇಲ್ಲ. ಅಲ್ಲಿ ಜನ ನೂರಾರು ವರ್ಷ ಬದುಕಿದ್ದರು. ಕಡಲ ಹಕ್ಕಿಗಳನ್ನು ಹಿಡಿದು ತಿನ್ನುತ್ತಿದ್ದರು, ಕುರಿ ಸಾಕುತ್ತಿದ್ದರು. ಬರಬರುತ್ತಾ ಹರೆಯದವರು ಊರು ಬಿಟ್ಟರು, ಕಾಯಿಲೆ ಬಂದರೆ ಹತ್ತಿರದಲ್ಲಿ ಡಾಕ್ಟರಿಲ್ಲ. ಕಡೆಗೆ ಉಳಿದವರು 36 ಮಂದಿ. ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ ಅಂತ ಅವರೇ ಸರಕಾರಕ್ಕೆ ಅರ್ಜಿ ಬರೆದರು. 1930ರ ಆಗಸ್ಟ್ 29ರಂದು ಹಡಗು ಹತ್ತಿ ಹೊರಟರು. ನಮ್ಮ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರಿಗೆ ಆ ದಿನ ಹೇಗಿತ್ತು ಅಂತ ನಾನು ವಿವರಿಸಬೇಕಾಗಿಲ್ಲ.

ಜನ ಹೋದರು, ಕುರಿಗಳು ಉಳಿದವು. ಹುಲ್ಲಿನ ನಡುವೆ ಒಂದು ಪುಟ್ಟ ಹಳದಿ ಹೂವಿನ ಗಿಡವೂ ಉಳಿಯಿತು. ಅಲ್ಲಿಗೆ ವಿಜ್ಞಾನಿಗಳು ಹೋಗುತ್ತಿದ್ದರು, ಪ್ರವಾಸಿಗರು ಹೋಗುತ್ತಿದ್ದರು. ಡ್ಯಾಂಡೆಲಿಯನ್ ಅಲ್ವಾ, ಯುರೋಪಿನಲ್ಲಿ ಅದು ಹಿತ್ತಲ ಕಳೆ, ಅದನ್ನು ಬಗ್ಗಿ ನೋಡುವವರು ಯಾರು? ಆದರೆ ಒಬ್ಬರು ಅದರ ಬೀಜ ತಂದರು. ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಆ ಬೀಜ ಬಿತ್ತಿ ಬೆಳೆಸಿದರು. ಬೆಳೆದು ಹೂ ಬಿಟ್ಟಾಗ ನೋಡಿದರೆ ಇದು ಬೇರೆಯೇ! ಗಾತ್ರದಲ್ಲಿ ಚಿಕ್ಕದು. ಮೈಮೇಲೆ ಕೂದಲು ಎದ್ದು ಕಾಣುತ್ತಿತ್ತು. ಡ್ಯಾಂಡೆಲಿಯನ್ ಬಲ್ಲವರು ಪರೀಕ್ಷೆ ಮಾಡಿ, ಇದು ಹೊಸ ಜಾತಿ ಅಂದರು. 2012ರಲ್ಲಿ ಅದರ ಹೆಸರು ಪ್ರಕಟವಾಯಿತು: ಟರಾಕ್ಸಕಮ್ ಪ್ಯಾಂಕ್‌ಹರ್ಸ್ಟಿಯಾನಮ್. ರಿಚರ್ಡ್ ಪ್ಯಾಂಕ್‌ಹರ್ಸ್ಟ್ ಎಂಬ ಸಸ್ಯವಿಜ್ಞಾನಿಯ ಗೌರವಕ್ಕೆ ಇಟ್ಟ ಹೆಸರು. ಜಗತ್ತಿನಲ್ಲಿ ಆ ದ್ವೀಪಗಳಲ್ಲಿ ಬಿಟ್ಟರೆ ಬೇರೆಲ್ಲೂ ಅದು ಸಿಕ್ಕಿಲ್ಲ.

ಈ ಕಥೆಯಲ್ಲಿ ನಾನು ಪದೇ ಪದೇ ಹೇಳುವ ಮಾತು ಒಂದೇ. ಆ ಬೀಜ ಎಲ್ಲಿಂದ ಬಂತು ಅಂತ ಬರೆದ ಚೀಟಿ ಇರದಿದ್ದರೆ ಹೊಸ ಜಾತಿಯೂ ಇಲ್ಲ, ಹೆಸರೂ ಇಲ್ಲ. ತೋಟದ ಕುಂಡದಲ್ಲಿ ಇನ್ನೊಂದು ಕಳೆ, ಅಷ್ಟೇ.

ಒಂದೇ ಥರದ ಹಳದಿ ಹೂವಿನಲ್ಲಿ ಇಷ್ಟೊಂದು ಜಾತಿ ಹೇಗೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಡ್ಯಾಂಡೆಲಿಯನ್‌ಗಳಲ್ಲಿ ಬಹಳಷ್ಟಕ್ಕೆ ಪರಾಗಸ್ಪರ್ಶವೇ ಬೇಡ. ಗಂಡಿನ ಹಂಗಿಲ್ಲದೆ ಬೀಜ ಕಟ್ಟುತ್ತವೆ. ಮರಿ ಗಿಡ ತಾಯಿಯ ಪಡಿಯಚ್ಚು. ಹಾಗಾಗಿ ಎಲ್ಲೋ ಒಂದು ಕಡೆ ಸಣ್ಣ ವ್ಯತ್ಯಾಸ ಹುಟ್ಟಿತು ಅಂದರೆ, ಅದು ಬೇರೆಯದರ ಜೊತೆ ಬೆರೆತು ಕಳೆದುಹೋಗುವುದಿಲ್ಲ. ಹಾಗೇ ಮುಂದುವರಿಯುತ್ತದೆ. ಬ್ರಿಟನ್ ಒಂದರಲ್ಲೇ 200ಕ್ಕೂ ಹೆಚ್ಚು ಜಾತಿ ಗುರುತಿಸಿದ್ದಾರೆ. ಇವನ್ನು ಬಲ್ಲವರು ಹೂವಿನ ಅಂದ ನೋಡುತ್ತಾ ನಿಲ್ಲುವುದಿಲ್ಲ. ಹೂವನ್ನು ತಿರುಗಿಸಿ ಹಿಂದೆ ನೋಡುತ್ತಾರೆ. ಬುಡದ ಹಸಿರು ಎಸಳು ಮೇಲಕ್ಕೆ ನಿಂತಿದೆಯೋ, ಕೆಳಕ್ಕೆ ಬಾಗಿದೆಯೋ? ಎಲೆಯ ಹಲ್ಲು ಹೇಗಿದೆ? ಬೀಜದ ಬಣ್ಣ ಯಾವುದು, ಅದರ ಮೇಲೆ ಸಣ್ಣ ಮುಳ್ಳು ಇದೆಯೋ? ಇದನ್ನೆಲ್ಲ ಫೋಟೋದಲ್ಲಿ ಹುಡುಕೋಕೆ ಆಗಲ್ಲ. ಗಿಡ ಕೈಯಲ್ಲಿರಬೇಕು.

ಹೊಸ ಜಾತಿಗೆ ಹೆಸರಿಡುವ ನಿಯಮವೂ ಅದನ್ನೇ ಕೇಳುತ್ತದೆ. ಗಿಡದ ವಿವರಣೆಯನ್ನು ಪ್ರಕಟಿಸಬೇಕು. ಮೊದಲು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು, 2012ರಿಂದ ಇಂಗ್ಲಿಷ್ ಆದರೂ ನಡೆಯುತ್ತದೆ. ಜೊತೆಗೆ ಒಂದು ಒಣಗಿಸಿದ ಗಿಡವನ್ನು, ಇದೇ ಆ ಜಾತಿಯ ಮಾದರಿ ಅಂತ ತೋರಿಸಿ, ಸಂಗ್ರಹಾಲಯದಲ್ಲಿ ಇಡಬೇಕು. ಕೋಲ್ಕತ್ತದ ಪಕ್ಕ ಹೌರಾದಲ್ಲಿ ನಮ್ಮ ಕೇಂದ್ರ ರಾಷ್ಟ್ರೀಯ ಸಸ್ಯ ಸಂಗ್ರಹಾಲಯ ಇದೆ. ಅಲ್ಲಿ ಲಕ್ಷಗಟ್ಟಲೆ ಒಣಗಿದ ಗಿಡಗಳಿವೆ. ಪ್ರತಿಯೊಂದಕ್ಕೂ ಚೀಟಿ ಇದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಬೇಗ ಹೇಳಿಬಿಡುತ್ತೇನೆ. ಖಾನಾಪುರದ ಕಾಡಂಚಿನಲ್ಲಿ ಇರುವವರು, ಬಾದಾಮಿಯ ಬಂಡೆಗಳ ಸುತ್ತ ದನ ಮೇಯಿಸುವವರು, ಡೋಣಿ ಹೊಳೆ ದಂಡೆಯ ರೈತರು, ಅಕ್ಕ ತಂಗಿಯರು, ನೀವು ದಿನವೂ ನೆಲ ನೋಡುತ್ತೀರಿ. ಎಂದೂ ಕಾಣದ ಗಿಡ ಕಂಡರೆ ಫೋಟೋ ತೆಗೆದು ಸುಮ್ನೆ ಆಗಬೇಡಿ. ಒಂದೇ ಒಂದು ಗಿಡ ಇದ್ದರೆ ಕೀಳಬೇಡಿ. ಹತ್ತಾರು ಇದ್ದರೆ ಒಂದನ್ನು ಬೇರು, ಎಲೆ, ಹೂವಿನ ಸಮೇತ ತೆಗೆದು ಹಳೇ ಪೇಪರಿನ ನಡುವೆ ಇಡಿ. ಮೇಲೆ ಭಾರ ಹೇರಿ. ದಿನಾ ಪೇಪರ್ ಬದಲಿಸಿ, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ಚೀಟಿಯಲ್ಲಿ ಊರು, ಹೊಲ ಅಥವಾ ಗುಡ್ಡದ ಹೆಸರು, ತಾರೀಕು, ಹೂವಿನ ಬಣ್ಣ ಬರೆಯಿರಿ. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ಅದಕ್ಕೇ ಹಸಿ ಇರುವಾಗಲೇ ಬರೆಯಬೇಕು. ಪೆನ್ಸಿಲ್‌ನಲ್ಲಿ ಬರೆಯಿರಿ, ನೀರು ಬಿದ್ದರೂ ಅಳಿಯುವುದಿಲ್ಲ. ಆಮೇಲೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಕೊಡಿ. ಅವರು ಚೀಟಿ ಎಲ್ಲಿ ಅಂತ ಮೊದಲು ಕೇಳುತ್ತಾರೆ.

ನಮಸ್ಕಾರ.