ಡಾಕ್ಟರು ಊರು ಬಿಟ್ಟರೆ ಕೈಗುಣ ಎಲ್ಲಿಗೆ ಹೋಗುತ್ತದೆ?

[ದೃಶ್ಯ: ಬನಹಟ್ಟಿಯ ಓಣಿ. ಪವರ್‌ಲೂಮ್ ಸದ್ದು. ಬೀಗ ಹಾಕಿದ ಸಣ್ಣ ದವಾಖಾನೆ.]

ನಮಸ್ಕಾರ. ಈ ದವಾಖಾನೆಗೆ ನಮ್ಮ ಅವ್ವ 20 ವರ್ಷ ಬಂದಿದ್ದಾಳೆ. ಡಾಕ್ಟರಿಗೆ ವಯಸ್ಸಾಯಿತು, ಪುಣೆಯಲ್ಲಿರುವ ಮಗನ ಮನೆಗೆ ಹೋದರು. ಅವರದ್ದೇನೂ ತಪ್ಪಿಲ್ಲ. ಆದರೆ ಬೀಗ ನೋಡಿ ಅವ್ವ ಅಂದಳು: "ಇನ್ನ ಯಾರ ಕಡೆ ಹೋಗೂದು? ಅವರ ಕೈಗುಣ ಭಾಳ ಚಲೋ ಇತ್ತು."

ಈ ಕೈಗುಣ ಅಂದರೆ ಏನು?

ಬಿಪಿ ನೋಡುವ ಮೊದಲೇ ಅವರು ಕೇಳುತ್ತಿದ್ದರು, "ಏನವ್ವಾ, ಮತ್ತ ಉಪ್ಪಿನಕಾಯಿ ಶುರು ಆತೇನು?" ಅವಳಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ ಅಂತ ಅವರಿಗೆ ಗೊತ್ತು. 30 ವರ್ಷ ಮಗ್ಗದ ಮುಂದೆ ಹತ್ತಿಯ ಧೂಳು ಕುಡಿದವಳು ಅಂತಲೂ ಗೊತ್ತು. ಬೇರೆಯವರು ಕೆಮ್ಮಿದರೆ ಒಂದು ಪ್ರಶ್ನೆ, ಅವ್ವ ಕೆಮ್ಮಿದರೆ ಇನ್ನೊಂದು. ಗುಳಿಗೆ ಯಾರಾದರೂ ಬರೆಯಬಹುದು. ಈ ನೆನಪು ಅವರ ತಲೆಯಲ್ಲಿ ಮಾತ್ರ ಇತ್ತು. ಅದೂ ಪುಣೆಗೆ ಹೋಯಿತು.

ಇದು ಬರೀ ಅವ್ವನ ನಂಬಿಕೆ ಅಲ್ಲ. ನಾರ್ವೆ ದೇಶದಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ತೆಗೆದು ನೋಡಿದರು. ಒಬ್ಬರೇ ಡಾಕ್ಟರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಇದ್ದವರು ಒಂದು ಕಡೆ, ಒಂದೇ ವರ್ಷ ಇದ್ದವರು ಇನ್ನೊಂದು ಕಡೆ. ಹಳೆ ಪರಿಚಯದವರು ದಿಢೀರ್ ಅಂತ ಆಸ್ಪತ್ರೆ ಸೇರುವ ಸಾಧ್ಯತೆ 28% ಕಡಿಮೆ. ಸಾಯುವ ಸಾಧ್ಯತೆ 25% ಕಡಿಮೆ. ಪರಿಚಯ ಒಂದೇ ಇದಕ್ಕೆ ಕಾರಣ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ, ನಿಜ. ಆದರೂ ಇದನ್ನು ಸುಮ್ನೆ ಬಿಡುವ ಹಾಗಿಲ್ಲ, ಅಲ್ವಾ?

[ದೃಶ್ಯ: ಮೇಜಿನ ಮೇಲೆ ಎರಡು ಗುಳಿಗೆ ಸ್ಟ್ರಿಪ್.]

ನಮ್ಮ ಮನೆಯಲ್ಲಿ ಆದದ್ದು ಕೇಳಿ. ಹೊಸ ಡಾಕ್ಟರು ಬಿಪಿಗೆ ಬೇರೆ ಕಂಪನಿಯ ಗುಳಿಗೆ ಬರೆದರು. ಹೆಸರು ಬೇರೆ, ಬಣ್ಣ ಬೇರೆ. ಅವ್ವ ಹಳೆಯದನ್ನೂ ಬಿಡಲಿಲ್ಲ. ಹಳೆಯ ಡಾಕ್ಟರು ಕೊಟ್ಟದ್ದು, ಹೇಗೆ ಬಿಡುತ್ತಾಳೆ? ಸ್ವಲ್ಪ ದಿನಕ್ಕೆ ಕಾಲು ಬಾತವು. ಎದ್ದು ನಿಂತರೆ ತಲೆ ಸುತ್ತು. ಕಿಡ್ನಿ ಟೆಸ್ಟ್ ಆಯಿತು, ಹಾರ್ಟ್ ಟೆಸ್ಟ್ ಆಯಿತು. ಕೊನೆಗೆ ಎರಡು ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಸಣ್ಣ ಅಕ್ಷರ ಓದಿದೆ. ಎರಡರಲ್ಲೂ ಇದ್ದದ್ದು ಒಂದೇ, ಆಮ್ಲೋಡಿಪಿನ್ ಅನ್ನುವ ಬಿಪಿ ಔಷಧಿ. ಅವ್ವ ಅದನ್ನೇ ಎರಡೆರಡು ಸಲ ನುಂಗುತ್ತಿದ್ದಳು. ಹೊಸ ಡಾಕ್ಟರು ಕೇಳಲಿಲ್ಲ, ನಾವು ಹೇಳಲಿಲ್ಲ. ನಾನು ಮೊದಲೇ ಓದಬೇಕಿತ್ತು.

ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದವರ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮ ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ. ಆದರೆ ಓಣಿಯ ದವಾಖಾನೆಯಲ್ಲಿ ಎಷ್ಟೋ ಸಲ ಫೈಲೇ ಇರುವುದಿಲ್ಲ. ಇರುವುದು ನಮ್ಮ ಕ್ಯಾರಿಬ್ಯಾಗಿನ ಚೀಟಿಗಳು. ಹಾಗಾಗಿ ಡಾಕ್ಟರು ಹೊರಡುತ್ತಾರೆ ಅಂತ ಗೊತ್ತಾದ ಕೂಡಲೇ ಹೋಗಿ, ಒಂದು ಹಾಳೆ ಬರೆಸಿಕೊಳ್ಳಿ. ಯಾವ ಕಾಯಿಲೆ, ಯಾವಾಗಿನಿಂದ, ಗುಳಿಗೆಯೊಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವುದು ಆಗಿಬರುವುದಿಲ್ಲ. ಹೊಸಬರ ಹತ್ತಿರ ಹೋಗುವಾಗ ಹಳೆಯ ಗುಳಿಗೆಗಳನ್ನೂ ಒಯ್ಯಿರಿ. ಯಾವುದು ಬಿಡಬೇಕು ಅಂತ ಬಾಯಿಬಿಟ್ಟು ಕೇಳಿ. ನೀವೇ ನಿರ್ಧಾರ ಮಾಡಿ ಬಿಡಬೇಡಿ.

ನಮಗೆ ಬರೆಸಿಕೊಳ್ಳುವ ಅವಕಾಶ ತಪ್ಪಿತ್ತು. ನಾನು ಅವ್ವ ಹೇಳಿದ್ದನ್ನು, ಚೀಟಿಯಲ್ಲಿ ಇದ್ದದ್ದನ್ನು ಸೇರಿಸಿ ಬರೆದೆ. ಕೊನೆಯ ಸಾಲು: ಮಗ್ಗದ ಕೆಲಸ, 30 ವರ್ಷ.

[ದೃಶ್ಯ: ಮಡಿಚಿದ ಹಾಳೆ, ಅವ್ವನ ಕೈ.]

ಹೋದ ತಿಂಗಳು ಅವಳಿಗೆ ಕೆಮ್ಮು. ಹೊಸ ಡಾಕ್ಟರು ಹಾಳೆ ಓದುತ್ತಾ ಓದುತ್ತಾ ಕೊನೆಯ ಸಾಲಿಗೆ ಬಂದು ತಲೆ ಎತ್ತಿದರು. "ಮಗ್ಗ ಈಗೂ ನಡಸ್ತೀರೇನವ್ವಾ?"

ಅವ್ವ ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಂಡಳು. ಮಾತು ಶುರುವಾಯಿತು.